ಕೆರೆ ಏರಿಯ ಆಚೆಗಿನ ಚಬೂತರೊ

ನೀನು ಮರೆತಿರಲಿಲ್ಲ, ಪಲ್ಲವಿ. ಹೇಳಿದ್ದೆ. ಫೋನಿನಲ್ಲಿ, ಬಿಡಿಸಿ ಬಿಡಿಸಿ, ಒಂದಲ್ಲ ಎರಡು ಸಲ ಹೇಳಿದ್ದೆ. ನಾನು ಕೇಳಿಸಿಕೊಂಡಿದ್ದೆ. ಕೇಳಿಸಿಕೊಂಡದ್ದನ್ನು ಯಾರಿಗೂ ತಿಳಿಸಲಿಲ್ಲ. ಆಮೇಲೆ ನೀನೇ ಕೇಳಿದಾಗ, ನೀನು ಹೇಳಿಯೇ ಇಲ್ಲ ಎಂದುಬಿಟ್ಟೆ. ಆ ಗಿಡುಗ ಸತ್ತದ್ದು, ಬಾವಲಿಗಳು ಸತ್ತದ್ದು ನಿನ್ನ ಮರೆವಿನಿಂದಲ್ಲ — ನನ್ನ ಹೊಟ್ಟೆಕಿಚ್ಚಿನಿಂದ.

ಇಷ್ಟನ್ನು ಮೊದಲೇ ಹೇಳಿಬಿಟ್ಟೆ. ಇಲ್ಲದಿದ್ದರೆ ಸುತ್ತಿ ಬಳಸಿ ಎಲ್ಲೆಲ್ಲೋ ಹೋಗಿ, ಕೊನೆಗೆ ಹೇಳದೆಯೇ ಮುಗಿಸುತ್ತಿದ್ದೆ. ನನ್ನನ್ನು ಬಲ್ಲೆಯಲ್ಲ, ಮಾತಿನ ಮಲ್ಲಿ. ಎಂಥ ತಪ್ಪಿಗೂ ಒಳ್ಳೆಯ ಸೀರೆ ಉಡಿಸಿ ಪಡಸಾಲೆಯಲ್ಲಿ ಕೂರಿಸುವಷ್ಟು ಮಾತು ನನ್ನ ಹತ್ತಿರ ಇದೆ.

ನಿನಗೆ ಗೊತ್ತಿರುವ ಸಂಗತಿಗಳನ್ನೂ ಇಲ್ಲಿ ಹೇಳುತ್ತಿದ್ದೇನೆ. ನಾನು ಸುಳ್ಳು ಹೇಳಿದ್ದು ನಾಲ್ಕು ಜನರ ಮುಂದೆ. ನಿಜವನ್ನು ನಿನ್ನ ಕಿವಿಯಲ್ಲಿ ಮಾತ್ರ ಉಸುರಿ ಕೈ ತೊಳೆದುಕೊಂಡರೆ ಅದು ಎಂಥ ನ್ಯಾಯ? ಏನೂ ತಿಳಿಯದವರಿಗೂ ತಿಳಿಯಬೇಕು. ಅದಕ್ಕೆ ಮೊದಲಿನಿಂದ ಹೇಳುತ್ತೇನೆ.

ನಾವಿಬ್ಬರೂ ನೆಗೆಣ್ಣಿಯರು, ಅಣ್ಣತಮ್ಮಂದಿರನ್ನು ಮದುವೆಯಾದವರು. ನನ್ನ ಗಂಡನದು ವಡೋದರಾದಲ್ಲಿ ರೈಲ್ವೆ ಕೆಲಸ, ನಿನ್ನ ಗಂಡ ಶ್ರೀಕಾಂತನದು ಸೂರತ್ತಿನಲ್ಲಿ ವಿಮಾ ಕಚೇರಿ. ನನ್ನ ಅಪ್ಪನೂ ರೈಲ್ವೆಯವರೇ ಆದ್ದರಿಂದ ನಾನು ಬೆಳೆದದ್ದೇ ವಡೋದರಾದಲ್ಲಿ. ಗುಜರಾತಿ ನನಗೆ ನೀರು ಕುಡಿದಷ್ಟು ಸಲೀಸು. ಆ ಒಂದು ಬಲದ ಮೇಲೆ ಪವನಚಕ್ಕಿ ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ಗಾಳಿಯಿಂದ ಕರೆಂಟು ಮಾಡುವ ಆ ಎತ್ತರದ ಫ್ಯಾನುಗಳನ್ನು ಹಳ್ಳಿಗಳಲ್ಲಿ ನಿಲ್ಲಿಸುವಾಗ ಊರವರ ಜೊತೆ ಮಾತಾಡಿ, ಬೇಕುಬೇಡ ಕೇಳಿ, ಮನಸ್ತಾಪ ಆಗದಂತೆ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ನಾನು ಹೋದರೆ ಮುದುಕಿಯರು ಚಹಾಕ್ಕೆ ಇಡುತ್ತಿದ್ದರು, ಸರಪಂಚರು ಕುರ್ಚಿ ಹಾಕಿಸುತ್ತಿದ್ದರು. ಸುಮಂಗಲಾಬೆನ್ ಅಂದರೆ ಆ ಸೀಮೆಯಲ್ಲಿ ಒಂದು ಮರ್ಯಾದೆ ಇತ್ತು.

ಆಮೇಲೆ ನೀನು ಬಂದೆ. ಪ್ರಾಣಿಶಾಸ್ತ್ರ ಓದಿದವಳು, ನಮ್ಮ ಗದಗಿನ ಕಡೆಯ ಗುಡ್ಡಗಳಲ್ಲಿ ಫ್ಯಾನುಗಳ ನಡುವೆ ಹಕ್ಕಿಗಳ ಓಡಾಟ ನೋಡಿ ಬಲ್ಲವಳು. ನಿನಗೆ ನಮ್ಮ ಕಂಪನಿಯಲ್ಲಿ ಕೆಲಸ ಕೊಡಿಸಿದವಳು ನಾನೇ. ಕೊಡಿಸಿದ್ದೂ ನಿನ್ನ ಮೇಲಿನ ಪ್ರೀತಿಗಲ್ಲ, ದೊಡ್ಡಸ್ತಿಕೆಗೆ. ನೋಡಿ, ನಮ್ಮ ಮನೆಯ ಹುಡುಗಿ, ನನ್ನ ಕೈ ಹಿಡಿದು ಬಂದವಳು ಎಂದು ಹೇಳಿಕೊಂಡು ತಿರುಗಲಿಕ್ಕೆ. ಆದರೆ ನೀನು ಕೈ ಹಿಡಿದುಕೊಂಡು ನಡೆಯುವ ಪೈಕಿ ಆಗಿರಲಿಲ್ಲವಲ್ಲ!

ನಮ್ಮ ಫ್ಯಾನುಗಳಿದ್ದ ಹಳ್ಳಿಯೊಂದಕ್ಕೆ ಬಂದವಳೇ ಕೇಳಿದ ಮೊದಲ ಪ್ರಶ್ನೆ: ಈ ಊರಲ್ಲಿ ಸತ್ತ ದನವನ್ನು ಎಲ್ಲಿ ಎಸೆಯುತ್ತಾರೆ? ಎಂಜಿನಿಯರುಗಳಿಗೆ ಗೊತ್ತಿರಲಿಲ್ಲ. ಅಷ್ಟು ಕಾಲ ಆ ಊರಿಗೆ ಹೋಗಿ ಬಂದ ನನಗೂ ಗೊತ್ತಿರಲಿಲ್ಲ. ಫ್ಯಾನುಗಳ ಸಾಲಿನ ಬೆನ್ನಿಗೇ ಎಸೆಯುತ್ತಿದ್ದರು. ತಿನ್ನಲು ಬಂದ ಹದ್ದುಗಳು ಫ್ಯಾನಿನ ರೆಕ್ಕೆಗೆ ಸಿಕ್ಕಿ ಬೀಳುತ್ತಿದ್ದವು. ನೀನು ಆ ಜಾಗ ಬದಲಾಯಿಸಿದೆ. ಗಾಳಿ ಕಡಿಮೆ ಇರುವ ಸಂಜೆಗಳಲ್ಲೇ ಬಾವಲಿಗಳು ಹೆಚ್ಚು ಹಾರುತ್ತವೆ, ಆಗ ಹೇಗೂ ಕರೆಂಟು ಅಷ್ಟಕ್ಕಷ್ಟೇ, ಆ ಹೊತ್ತು ಫ್ಯಾನು ನಿಲ್ಲಿಸಿದರೆ ಯಾರಪ್ಪನ ಗಂಟೂ ಹೋಗುವುದಿಲ್ಲ ಎಂದು ಅಹಮದಾಬಾದಿನ ದೊಡ್ಡ ಕಚೇರಿಯವರನ್ನು ಒಪ್ಪಿಸಿದೆ. ಊರಿನವರನ್ನೇ ಕಾವಲಿಗೆ ನಿಲ್ಲಿಸಿ, ದೊಡ್ಡ ಹಕ್ಕಿ ಬರುವುದು ಕಂಡ ಕೂಡಲೇ ಅವರು ಫೋನು ಮಾಡುವುದು, ಆ ಒಂದು ಫ್ಯಾನು ನಿಲ್ಲುವುದು — ಹೀಗೊಂದು ಏರ್ಪಾಡು ಮಾಡಿದೆ. ಚಳಿಗಾಲದಲ್ಲಿ ದೂರದೇಶದ ಕುಂಜ್ ಹಕ್ಕಿಗಳ ಹಿಂಡು ದಾಟುವಾಗ ಫ್ಯಾನುಗಳು ಒಂದೊಂದಾಗಿ ನಿಲ್ಲುವುದನ್ನು ನೋಡಲು ಜನ ಮಾಳಿಗೆ ಹತ್ತುತ್ತಿದ್ದರು. ನನಗೂ ಅದು ಚೆಂದ ಕಾಣುತ್ತಿತ್ತು. ಚೆಂದ ಕಂಡಷ್ಟೂ ಹೊಟ್ಟೆಯೊಳಗೆ ಖಾರ ಅರೆದ ಹಾಗಾಗುತ್ತಿತ್ತು.

ಒಂದು ಸಲ ಸರಪಂಚರ ಮನೆಯಲ್ಲಿ ಚಹಾದ ಬಸಿ ಕೈಗೆ ಕೊಡುತ್ತಾ ಅವರ ಹೆಂಡತಿ ಕೇಳಿದಳು: ಇವತ್ತು ಪಕ್ಷೀವಾಳಾ ಬೆನ್ ಬರಲಿಲ್ಲವೇ? ನಿನ್ನ ಹೆಸರು ಅಲ್ಲಿ ಅದೇ ಆಗಿತ್ತು, ಹಕ್ಕಿಯ ಅಕ್ಕ. ಇಲ್ಲ, ಸೂರತ್ತಿಗೆ ಹೋಗಿದ್ದಾಳೆ ಎಂದೆ. ಅವಳ ಮುಖ ಸಣ್ಣದಾಯಿತು. ನಾನು ಎದುರಿಗೇ ಕೂತಿದ್ದೆ, ಪಲ್ಲವಿ. ಎಷ್ಟೋ ವರ್ಷದಿಂದ ಅದೇ ಕಾಟ್ ಮೇಲೆ ಕೂತು ಅವಳ ಕಷ್ಟಸುಖ ಕೇಳಿದವಳು ನಾನು.

ಮನೆಯಲ್ಲೂ ಅದೇ ರಾಮಾಯಣ. ಅತ್ತೆ ಇದ್ದದ್ದು ನನ್ನ ಮನೆಯಲ್ಲಿ, ಹೊಗಳುತ್ತಿದ್ದದ್ದು ನಿನ್ನನ್ನು. “ನಮ್ಮ ಸಣ್ಣ ಸೊಸಿ ಭಾಳ ಶಾಣ್ಯಾಕಿ. ಅಕಿ ಒಂದ್ ಮಾತಿಗೆ ಅಷ್ಟ್ ದೊಡ್ಡ ಫ್ಯಾನ್ ನಿಂತುಬಿಡ್ತದ ನೋಡು!” ಎನ್ನುತ್ತಿದ್ದರು. “ಹೌದ್ರಿ, ನಮ್ಮ ಮಾತಿಗೆ ಮಿಕ್ಸರ್ ಸೈತ ನಿಲ್ಲೂದಿಲ್ಲ” ಎಂದು ನಾನು ಅಡಿಗೆಮನೆಯಿಂದಲೇ ಕೂಗುತ್ತಿದ್ದೆ. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಒಳಗೆ ನಗು ಇರಲಿಲ್ಲ.

ಆಮೇಲೆ ನಿನ್ನ ಬಾಣಂತನ. ನಿನಗೆ ತಾಯಿ ಇಲ್ಲ, ಅತ್ತೆ ಹೋಗುವುದೇ ಸರಿ — ಬುದ್ಧಿಗೆ ಗೊತ್ತಿತ್ತು. ಆದರೆ ನನ್ನ ಮಗ ಹುಟ್ಟಿದಾಗ ಅವರಿಗೆ ಮೊಣಕಾಲು ನೋವಿತ್ತು. ನಿನ್ನ ಮಗಳು ಹುಟ್ಟಿದಾಗ ಅದೇ ಮೊಣಕಾಲು ವಡೋದರಾ ಸ್ಟೇಷನ್ನಿನ ಮೇಲ್ಸೇತುವೆಯನ್ನು ಸರಸರ ಹತ್ತಿ ಇಳಿಯಿತು. ಕೈಯಲ್ಲಿ ಅಂಟಿನುಂಡಿಯ ಡಬ್ಬಿ. ಆ ಅಂಟು ಹುರಿದದ್ದು, ಉತ್ತತ್ತಿ ಕುಟ್ಟಿದ್ದು, ಉಂಡಿ ಕಟ್ಟಿದ್ದು ನಾನು. ಸೂರತ್ತಿನ ಅಡಾಜಣಿನ ನಿಮ್ಮ ಫ್ಲ್ಯಾಟಿನಲ್ಲಿ ಕೂತು ಅದನ್ನು ತಿನ್ನಿಸಿದ್ದು ಅವರು. ನನಗೆ ಆಗ ಎಷ್ಟು ಉರಿಯಿತು ಎಂದರೆ — ಬೇಡ. ಇದು ನೆಪ ಹೇಳುವ ಜಾಗವಲ್ಲ. ಉರಿಯಿತು, ಅಷ್ಟೇ.

ನೀನು ರಜೆಯಲ್ಲಿದ್ದ ಆ ತಿಂಗಳುಗಳಲ್ಲೇ ಕಂಪನಿಯವರು ಆ ಊರಿಗೆ ಏನಾದರೂ ಕೊಡುಗೆ ಕೊಡೋಣ ಎಂದರು. ಚಬೂತರೊ ಕಟ್ಟಿಸೋಣ ಎಂದವಳು ನಾನು. ಗುಜರಾತಿನ ಹಳ್ಳಿಗಳನ್ನು ನೋಡದವರಿಗಾಗಿ ಹೇಳುತ್ತೇನೆ: ಚಬೂತರೊ ಅಂದರೆ ಹಕ್ಕಿಗಳಿಗೆ ಕಾಳು ಹಾಕುವ ಕಟ್ಟೆ. ಒಂದು ಎತ್ತರದ ಕಂಬ, ಅದರ ತಲೆಯ ಮೇಲೆ ಪುಟ್ಟ ಮಂಟಪ. ದಿನ ಬೆಳಗಾದರೆ ಮನೆಮನೆಯಿಂದ ಜೋಳ, ಸಜ್ಜೆ ತಂದು ಸುರಿಯುತ್ತಾರೆ. ಅದನ್ನು ಹಾಕದೆ ಕೆಲವು ಮನೆಗಳಲ್ಲಿ ಚಹಾ ಸಹ ಕುಡಿಯುವುದಿಲ್ಲ. ಪುಣ್ಯದ ಕೆಲಸ, ಯಾರು ಬೇಡ ಅಂದಾರು? ಹಕ್ಕಿಗಳ ವಿಷಯದಲ್ಲಿ ನಿನ್ನೊಬ್ಬಳದೇ ಏನು ಹೆಸರು, ನನ್ನದೂ ಒಂದಿರಲಿ ಎಂಬುದು ನನ್ನ ಲೆಕ್ಕ. ಸರಪಂಚರು ಕೇಳಿದರು: ಎಲ್ಲಿ ಕಟ್ಟೋಣ ಬೆನ್, ಕೆರೆ ಕಡೆಯೋ, ದಾರಿ ಕಡೆಯೋ? ನೀವು ತೋರಿಸಿದಲ್ಲಿ.

ನಾನು ದಾರಿ ಕಡೆ ಎಂದೆ. ಕಂಪನಿಯ ದಾರಿ ಮುಗಿಯುವಲ್ಲಿ, ಸಾಲಿನ ಮೊದಲ ಫ್ಯಾನಿನ ಬುಡದಲ್ಲಿ. ಫೋಟೊದಲ್ಲಿ ಮುಂದೆ ಚಬೂತರೊ, ಹಿಂದೆ ಫ್ಯಾನು ಬರಬೇಕು, ನಡುವೆ ನಾನು ನಿಂತಿರಬೇಕು. ಸಂಜೆಗೂ ಕಾಣಲಿ ಎಂದು ತುದಿಗೆ ಒಂದು ದೊಡ್ಡ ದೀಪ ಬೇರೆ.

ಪಾಯ ತೋಡುವ ಮೊದಲು ನಿನ್ನ ಫೋನು ಬಂತು. ನಾನು ಶೇಂಗಾ ಹುರಿಯುತ್ತಿದ್ದೆ. ಹಿಂದೆ ಕೂಸು ಅಳುತ್ತಿತ್ತು. ನೀನು ಹೇಳಿದೆ: “ಅಕ್ಕಾ, ಚಬೂತರೊ ಕಟ್ಟಿಸ್ತೀರಂತ ಕೇಳಿದೆ. ಕಟ್ಟಿಸ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಫ್ಯಾನಿನ ಹತ್ರ ಮಾತ್ರ ಬ್ಯಾಡ್ರಿ. ಕೆರಿ ಏರಿ ಆಚಿಗೆ ಕಟ್ಟಿಸ್ರಿ. ಕಾಳಿಗೆ ಪಾರಿವಾಳ ಬರ್ತಾವ, ಪಾರಿವಾಳದ ಹಿಂದ ಗಿಡುಗ ಬರ್ತಾವ. ದೀಪಾನೂ ಹಾಕಸಬ್ಯಾಡ್ರಿ, ದೀಪಕ್ಕ ಹುಳ ಬರ್ತಾವ, ಹುಳದ ಹಿಂದ ಬಾವಲಿ.” ಹೂಂ ಎಂದೆ. ಕೂಸಿನ ಅಳುವಿನಲ್ಲಿ ನನಗೆ ಕೇಳಿಸಿತೋ ಇಲ್ಲವೋ ಎಂದು ನೀನು ಮತ್ತೊಮ್ಮೆ ಹೇಳಿದೆ. ಎರಡನೇ ಸಲವೂ ಹೂಂ ಎಂದೆ.

ಅಷ್ಟರಲ್ಲಿ ನಿನ್ನ ಪಕ್ಕದಿಂದ ಅತ್ತೆಯ ದನಿ ಬಂತು. “ಯಾರ ಜೋಡಿ, ಸುಮಂಗಲಾನ ಜೋಡಿಯೇನು? ಅಕಿಗೇನ್ ತಿಳೀತದ ಹಕ್ಕಿ ವಿಷಯ? ಸಾಹೇಬರಿಗೇ ಫೋನ್ ಮಾಡು.” ಅದಕ್ಕೆ ನೀನು ಅಂದೆ: “ಅಕ್ಕಾಗ ಹೇಳಿದ್ರ ಸಾಕ್ರಿ ಅತ್ತೀ. ಅವರು ಮಾಡೇ ಮಾಡ್ತಾರ.”

ನೀನು ಅಂದದ್ದು ನನಗೆ ನಾಟಲಿಲ್ಲ, ಅವರು ಅಂದದ್ದು ನಾಟಿತು. ಶೇಂಗಾ ಸೀದುಹೋಯಿತು. ಏನು ತಿಳಿಯುತ್ತದೆಯಂತೆ ನನಗೆ! ಆ ಊರಿನ ಒಂದೊಂದು ಮನೆಯ ಬಾಗಿಲೂ ನನಗೆ ಗೊತ್ತು. ಕೆರೆ ಏರಿಯ ಆಚೆ ಕಟ್ಟಿಸಿದರೆ ಅದು ಪಲ್ಲವಿ ಹೇಳಿದ ಚಬೂತರೊ ಆಗುತ್ತದೆ, ನನ್ನದಾಗುವುದಿಲ್ಲ. ಮರುದಿನ ಸರಪಂಚರಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು, ಅವರು ಎರಡನೇ ಮಾತಾಡುತ್ತಿರಲಿಲ್ಲ. ನಾನು ಹೇಳಲಿಲ್ಲ. ಪಾಯ ಫ್ಯಾನಿನ ಬುಡದಲ್ಲೇ ಬಿತ್ತು.

ಉದ್ಘಾಟನೆ ಭರ್ಜರಿಯಾಯಿತು. ಗುಜರಾತಿ ಪತ್ರಿಕೆಯಲ್ಲಿ ನನ್ನ ಫೋಟೊ ಬಂತು. ಮೊದಮೊದಲು ಬರೀ ಪಾರಿವಾಳ, ಗಿಳಿ, ಬೆಳವ. ನಂತರ ಕೆಳಗೆ ಪುಕ್ಕಗಳು ಕಾಣತೊಡಗಿದವು. ನಾಯಿ ಹಿಡಿದಿರಬೇಕು ಎಂದೆ. ಗಾಳಿ ಜೋರಾಗಿ ಫ್ಯಾನು ತಿರುಗುವ ಸಂಜೆಗಳಲ್ಲೂ ದೀಪದ ಸುತ್ತ ಹುಳ, ಹುಳದ ಸುತ್ತ ಬಾವಲಿ — ಊರ ಹಳೆಯ ಮೆಟ್ಟಿಲುಬಾವಿಯಲ್ಲಿ ತಲೆಮಾರುಗಳಿಂದ ಇದ್ದ ಬಾವಲಿಗಳು. ಕಾಳು ಹಾಕಲು ಬಂದ ಹೆಂಗಸರು ಸತ್ತು ಬಿದ್ದ ಅವುಗಳ ಮೇಲೆ ಕಾಲಿಡದಂತೆ ಸೀರೆ ಎತ್ತಿಕೊಂಡು ನಡೆಯುತ್ತಿದ್ದರು. ಕೊನೆಗೆ ಆಲದ ಮರದ ಗಿಡುಗ. ಅಲ್ಲಿದ್ದ ಜೋಡಿಯನ್ನು ನೀನು ನನಗೆ ತೋರಿಸಿದ್ದೆಯಲ್ಲ, ಅದರ ಹೆಣ್ಣು. ಪಾರಿವಾಳದ ಬೆನ್ನು ಹತ್ತಿ ಬಂದು, ಕಾವಲಿನವರು ಫೋನು ಮಾಡುವಷ್ಟರಲ್ಲೇ ರೆಕ್ಕೆಗೆ ಸಿಕ್ಕಿತು. ಗಂಡು ಎಷ್ಟೋ ದಿನ ಆ ಕಂಬದ ಸುತ್ತ ಕೂಗುತ್ತಾ ಸುತ್ತಿತಂತೆ. ಸರಪಂಚರ ಹೆಂಡತಿ ನನಗೆ ಹೇಳಿದ್ದು ಒಂದೇ ಮಾತು: ನಾವು ಕಾಳು ಹಾಕಿ ಕರೆದು ಕೊಂದೆವಲ್ಲ, ಬೆನ್.

ಅಹಮದಾಬಾದಿನಲ್ಲಿ ಸಭೆ ಕರೆದರು. ನೀನು ರಜೆ ಮುಗಿಸಿ ಬಂದಿದ್ದೆ. ನಿದ್ದೆಗೆಟ್ಟು ಕಣ್ಣ ಕೆಳಗೆ ಕಪ್ಪಾಗಿತ್ತು. ಅಲ್ಲಿ ಕಟ್ಟಬಾರದು ಎಂದು ಯಾರೂ ಹೇಳಲಿಲ್ಲವೇ ಎಂದು ದೊಡ್ಡ ಕಚೇರಿಯ ಸಾಹೇಬರು ಕೇಳಿದರು. ನಾನು ಹೇಳಿದ್ದೆ, ಸುಮಂಗಲಾ ಅವರಿಗೆ ಫೋನಿನಲ್ಲಿ ಹೇಳಿದ್ದೆ ಎಂದೆ ನೀನು. ಹೇಳಿ ನನ್ನ ಕಡೆ ನೋಡಿದೆ. ಆ ನೋಟದಲ್ಲಿ ದೂರು ಇರಲಿಲ್ಲ. ಅಕ್ಕ ಹೌದು ಅನ್ನುತ್ತಾಳೆ ಎಂಬ ಧೈರ್ಯ ಇತ್ತು.

ನಾನು ಇಲ್ಲ ಎಂದೆ. ನನಗೆ ಯಾರೂ ಏನೂ ಹೇಳಲಿಲ್ಲ ಎಂದೆ.

ಅಷ್ಟಕ್ಕೇ ನಿಂತಿದ್ದರೆ ನೀನು ನನ್ನನ್ನು ಸುಳ್ಳಿ ಎಂದು ಬೈದು, ಮುಖ ತಿರುಗಿಸಿ, ನೆಟ್ಟಗೆ ಬದುಕುತ್ತಿದ್ದೆ. ನಾನು ಅಷ್ಟಕ್ಕೇ ನಿಲ್ಲಲಿಲ್ಲ. ವಾಪಸು ರೈಲಿನಲ್ಲಿ ನೀನು ಮೆಲ್ಲಗೆ ಕೇಳಿದೆ, “ಅಕ್ಕಾ, ನಾ ಹೇಳಿದ್ದೆ ಅಲ್ಲೇನ್ರಿ?” ಸಿಟ್ಟಿನಿಂದ ಕೇಳಿದ್ದರೆ ಬಹುಶಃ ಒಪ್ಪಿಕೊಳ್ಳುತ್ತಿದ್ದೆ — ಇಲ್ಲ, ಅದೂ ಸುಳ್ಳು. ನಾನು ನಿನ್ನ ತಲೆ ಸವರಿದೆ. ಸವರಿ ಹೇಳಿದೆ: “ಇಲ್ಲವ್ವಾ. ಹೇಳಬೇಕಂತ ಮನಸಿನ್ಯಾಗ ಅಂದ್ಕೊಂಡಿರ್ಬೇಕು. ಬಾಣಂತನದಾಗ ಹಂಗಾಗ್ತದ, ನನಗೂ ಆಗಿತ್ತು.”

ನೀನು, “ಇರಬೇಕ್ರಿ. ಈಗೀಗ ಏನೂ ನೆನಪು ಉಳಿಯೂದಿಲ್ಲ ನನಗ” ಎಂದೆ. ವಡೋದರಾ ಬರುವ ತನಕ ನೀನು ಅಳುತ್ತಲೇ ಇದ್ದೆ. ನಾನು ನನ್ನ ಚೀಲದಿಂದ ಕರವಸ್ತ್ರ ತೆಗೆದು ಕೊಟ್ಟೆ. ಥೂ ನನ್ನ ಜನ್ಮಕ್ಕೆ!

ಇನ್ನೊಂದಿದೆ. ಚಬೂತರೊ ಕೆಡವಲು ಊರವರು ಒಪ್ಪಲಿಲ್ಲ, ಕಾಳು ನಿಲ್ಲಿಸುವುದು ಪಾಪ. ನೀನಿಲ್ಲದ ಊರ ಸಭೆಯಲ್ಲಿ, ಏನು ಮಾಡುವುದು ಎಂದು ಎಲ್ಲರೂ ತಲೆ ಕೆರೆದುಕೊಳ್ಳುವಾಗ ನಾನು ಎದ್ದು ನಿಂತು, ಕೆರೆ ಏರಿಯ ಆಚೆಗೆ ಎತ್ತಿಡೋಣ, ದೀಪ ತೆಗೆಸೋಣ ಎಂದೆ. ನಿನ್ನ ಮಾತು, ನನ್ನ ಬಾಯಿ. ಚಪ್ಪಾಳೆ ತಟ್ಟಿದರು. ಕಂಬ, ಮಂಟಪ ಬಿಚ್ಚಿ ಅಲ್ಲಿ ನಿಲ್ಲಿಸಿದರು. ಫ್ಯಾನಿನ ಬುಡದಲ್ಲಿ ಹಕ್ಕಿ ಬೀಳುವುದು ಕಡಿಮೆಯಾಯಿತು. ನೀನು ಫೋನು ಮಾಡಿ ಹೇಳಿದ್ದು ನೆನಪಿದೆಯೇ? “ಎಷ್ಟ್ ಛೊಲೊ ವಿಚಾರ ಮಾಡೀರಿ ಅಕ್ಕಾ, ನನಗ ಹೊಳೀಲೇ ಇಲ್ಲ ನೋಡ್ರಿ.” ಅದು ನಿನ್ನದೇ ಮಾತೆಂಬ ನೆನಪನ್ನೂ ನೀನು ಅಷ್ಟರಲ್ಲಿ ನಂಬದಾಗಿದ್ದೆ. ನಾನು ಅದಕ್ಕೂ ಹೂಂ ಎಂದೆ.

ಆ ಮಳೆಗಾಲಕ್ಕೆ ನೀನು ಕೆಲಸ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನೀನೇ ಬಿಟ್ಟೆ. ಒಂದು ಮರೆವಿಗೆ ಇಷ್ಟು ಜೀವ ಹೋದರೆ ನಾನು ಈ ಕೆಲಸಕ್ಕೆ ಯೋಗ್ಯಳಲ್ಲ ಎಂದೆ. ಈಗ ಅಡಾಜಣಿನಲ್ಲಿ ಮಕ್ಕಳಿಗೆ ವಿಜ್ಞಾನದ ಟ್ಯೂಷನ್ ಹೇಳುತ್ತೀ. ನಿನ್ನ ಮಗಳು ಎರಡನೇ ಕ್ಲಾಸಿಗೆ ಬಂದಳು. ಅವಳೂ ಗುಜರಾತಿಯಲ್ಲಿ, ಮಮ್ಮೀ ಭೂಲೀ ಜಾಯ್ ಛೇ, ಅಮ್ಮ ಮರೆತುಬಿಡ್ತಾಳೆ ಎಂದು ಬಂದವರ ಮುಂದೆ ನಗುತ್ತಾಳೆ. ಹೊರಗೆ ಹೊರಟರೆ ಚಪ್ಪಲಿ ಮೆಟ್ಟಿದವಳು ಮತ್ತೆ ಒಳಗೆ ಹೋಗಿ ಗ್ಯಾಸು ನೋಡುತ್ತೀ. ನಾನಿದ್ದರೆ ನನ್ನನ್ನು ಕಳಿಸುತ್ತೀ: “ನೀವೊಮ್ಮೆ ನೋಡಿ ಬರ್ರಿ ಅಕ್ಕಾ, ನನ್ನ ಮ್ಯಾಲೆ ನನಗ ನಂಬಿಕಿಲ್ಲ.” ನಾನು ಹೋಗಿ ನೋಡಿ ಬರುತ್ತೇನೆ. ಬಂದ್ ಆಗಿರುತ್ತದೆ. ಪ್ರತಿ ಸಲವೂ ಬಂದ್ ಆಗಿಯೇ ಇರುತ್ತದೆ.

ನಾನು ಬಯಸಿದ್ದೆಲ್ಲ ನನಗೆ ಸಿಕ್ಕಿತು. ಹಳ್ಳಿಯಲ್ಲಿ ಮತ್ತೆ ನಾನೊಬ್ಬಳೇ ಬೆನ್. ಅತ್ತೆಯೂ ನನ್ನ ಜೊತೆ ಮೆತ್ತಗಾದರು. ಸುಮಂಗಲಾ, ಊಟ ಮಾಡಿದ್ಯೇನವಾ ಎಂದು ಕೇಳತೊಡಗಿದರು, ನಿನ್ನ ಹೊಗಳಿಕೆ ನಿಂತುಹೋಯಿತು. ಕೊನೆಗೂ ಗೆದ್ದೆ ಎಂದುಕೊಂಡೆ. ಹೋದ ವರ್ಷ, ಅವರು ತೀರಿಕೊಳ್ಳುವ ಸ್ವಲ್ಪ ಮೊದಲು, ಬಿಸಿಲಲ್ಲಿ ಕೂರಿಸಿ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಇದ್ದಕ್ಕಿದ್ದಂತೆ ಅಂದರು: “ಅವತ್ತ ಪಲ್ಲವಿ ಫೋನಿನ್ಯಾಗ ಹೇಳಿದ್ದು ನಾನೂ ಕೇಳೀನಿ, ಸುಮಂಗಲಾ.” ಮತ್ತೆ ಇಷ್ಟು ವರ್ಷ ಯಾಕೆ ಸುಮ್ಮನಿದ್ದಿರಿ ಎಂದೆ. “ಏನ್ ಮಾಡ್ಲಿ? ಸಾಯೂತನಕಾ ನಿನ್ನ ಮನ್ಯಾಗ ಇರಬೇಕಲ್ಲ ನಾನು” ಎಂದರು.

ನಾನು ಪ್ರೀತಿ ಎಂದುಕೊಂಡದ್ದು ಅಂಜಿಕೆ. ಅವರು ನನಗೆ ಅಂಜಿ ಮೆತ್ತಗಾಗಿದ್ದರು. ನಿನ್ನಿಂದ ನಾನು ಕಸಿದುಕೊಂಡದ್ದು ನನ್ನ ಕೈಗೆ ಬರಲೇ ಇಲ್ಲ, ಪಲ್ಲವಿ. ಅದು ಗೊತ್ತಾದ ಮೇಲೂ ಒಂದು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಅದಕ್ಕೆ ಏನು ಹೆಸರಿಡಬೇಕೋ ನೀನೇ ಇಡು.

ಮೊನ್ನೆ ಸೂರತ್ತಿನಿಂದ ಶ್ರೀಕಾಂತ ಫೋನು ಮಾಡಿದ್ದ. ಹೊಸ ಜಾಗದಲ್ಲಿ ಫ್ಯಾನುಗಳನ್ನು ನಿಲ್ಲಿಸುವ ಮೊದಲೇ ಹಕ್ಕಿಯ ದಾರಿ, ಬಾವಲಿಯ ದಾರಿ ನೋಡಿ ಎಲ್ಲಿ ಬೇಕು ಎಲ್ಲಿ ಬೇಡ ಎಂದು ಹೇಳಲು ಬೇರೊಂದು ಪವನಚಕ್ಕಿ ಕಂಪನಿಯವರು ನಿನ್ನನ್ನೇ ಕರೆದಿದ್ದಾರಂತೆ. ನೀನು ಒಲ್ಲೆ ಎಂದೆಯಂತೆ. ನನ್ನ ತಲೆ ನಂಬುವಂಥದ್ದಲ್ಲ, ಮತ್ತೆ ಏನಾದರೂ ಮರೆತರೆ ಜೀವಗಳು ಹೋಗುತ್ತವೆ ಎಂದೆಯಂತೆ. ವೈನಿ, ನೀವಾದ್ರೂ ಆಕಿಗೆ ಧೈರ್ಯ ಹೇಳ್ರಿ, ನಿಮ್ಮ ಮಾತು ಕೇಳ್ತಾಳ ಎಂದ ಪಾಪ. ಯಾರಿಗೆ ಹೇಳುತ್ತಿದ್ದೇನೆ ಎಂಬುದು ಅವನಿಗೇನು ಗೊತ್ತು.

ಇವತ್ತು ಬೆಳಿಗ್ಗೆ ಅಹಮದಾಬಾದಿನ ಆ ಸಾಹೇಬರಿಗೆ ಫೋನು ಮಾಡಿದೆ. ನಿವೃತ್ತರಾಗಿದ್ದಾರೆ. ಅವತ್ತು ಪಲ್ಲವಿ ನನಗೆ ಹೇಳಿದ್ದಳು, ಸುಳ್ಳು ಹೇಳಿದವಳು ನಾನು, ಚಬೂತರೊ ಎತ್ತಿಡುವ ವಿಚಾರವೂ ಅವಳದೇ ಎಂದೆ. ನಂತರ ನನ್ನ ಗಂಡನಿಗೆ ಹೇಳಿದೆ. ಅವರು ಎದ್ದು ಬಾಲ್ಕನಿಗೆ ಹೋದವರು ಇನ್ನೂ ಒಳಗೆ ಬಂದಿಲ್ಲ. ಇನ್ನು ಸರಪಂಚರ ಮನೆಗೂ ಹೋಗಬೇಕು. ಆದರೆ ಮೊದಲು ನೀನು.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀ, ನಿನ್ನ ಜಾತಕವೇ ಹಾಗೆ. ಆಮೇಲೆ ಅದೂ ನನ್ನದೊಂದು ಗೆಲುವಾಗಿಬಿಡುತ್ತದೆ. ಬೈಯಬೇಕೆನಿಸಿದರೆ ಬೈ, ಮುಖ ನೋಡಬಾರದು ಎನಿಸಿದರೆ ನೋಡಬೇಡ. ಕರೆದವರಿಗೆ ಮಾತ್ರ ಫೋನು ಮಾಡಿ ಬರುತ್ತೇನೆ ಎನ್ನು.

ಆ ಕೆಲಸಕ್ಕೆ ಹೊರಡುವ ದಿನ ಚಪ್ಪಲಿ ಮೆಟ್ಟಿದ ಮೇಲೆ ಒಳಗೆ ಹೋಗಬೇಡ, ಪಲ್ಲವಿ. ಯಾರನ್ನೂ ಕಳಿಸಲೂ ಬೇಡ. ಬಾಗಿಲಿಗೆ ಬೀಗ ಹಾಕಿ ನಡೆ. ಗ್ಯಾಸು ನೀನು ಬಂದ್ ಮಾಡಿರುತ್ತೀ.